ನೀರಿಗಿಳಿದ ಮಕ್ಕಳ ಎಟಿವಿ ಸ್ಟಾರ್ಟ್ ಆಗುತ್ತಿಲ್ಲವೇ? ಸೆಲ್ಫ್ ಒತ್ತುವ ಮೊದಲು ಇಷ್ಟು ನೋಡಿ

ಮಲೆನಾಡಿನ ಹೋಮ್‌ಸ್ಟೇಗಳಲ್ಲಿ ಮಕ್ಕಳಿಗೆಂದು ಇಟ್ಟಿರುವ ಸಣ್ಣ ಎಟಿವಿಗಳ (ದಪ್ಪ ಟಯರಿನ ನಾಲ್ಕು ಚಕ್ರದ ಗಾಡಿಗಳ) ದೂರು ಬಹುಪಾಲು ಒಂದೇ ತರಹ ಇರುತ್ತದೆ: "ಹಳ್ಳ ದಾಟಿಸ್ತಾ ಇದ್ವಿ, ಮಧ್ಯದಲ್ಲೇ ಆಫ್ ಆಯ್ತು. ಆಮೇಲೆ ಎಷ್ಟು ಸೆಲ್ಫ್ ಹೊಡೆದ್ರೂ ಸ್ಟಾರ್ಟ್ ಆಗ್ತಿಲ್ಲ." ಈ ಮಾತಿನ ಮೊದಲರ್ಧಕ್ಕೆ ಹೆದರಬೇಕಾಗಿಲ್ಲ. ಖರ್ಚು ತರುವುದು ಎರಡನೆಯ ಅರ್ಧ. ನಿಂತ ಎಂಜಿನ್ನಿನೊಳಗೆ ನೀರು ಹೋದರೆ ಒಂದು ಸಂಜೆಯ ಕೆಲಸ ಮತ್ತು ಎರಡು-ಮೂರು ಬಾಟಲಿ ಆಯಿಲ್‌ನಲ್ಲಿ ಸರಿಹೋಗುತ್ತದೆ. ನೀರು ಒಳಗಿದ್ದಾಗಲೇ ಎಂಜಿನ್ ತಿರುಗಿಸಿದರೆ ಪೆಟ್ಟು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ವರೆಗೂ ಹೋಗಬಹುದು.

ಇಲ್ಲಿ ಬರೆದಿರುವುದು 110 ಸಿಸಿ ಹೆಸರಿನಲ್ಲಿ ಮಾರುವ, ಕಾರ್ಬೊರೇಟರ್ ಇರುವ, ಸೆಲ್ಫ್ ಮಾತ್ರ ಇದ್ದು ಕಿಕ್ಕರ್ ಇಲ್ಲದ ಮಾಮೂಲಿ ಚೀನಾ ಎಟಿವಿ ಬಗ್ಗೆ. ಬೋರ್ (ಸಿಲಿಂಡರಿನ ಒಳವ್ಯಾಸ) 52.4 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 49.5 ಮಿ.ಮೀ.; ಲೆಕ್ಕ ಹಾಕಿದರೆ 107 ಸಿಸಿ ಆಗುತ್ತದೆ. ಸಿಲಿಂಡರ್ ಹೆಚ್ಚುಕಡಿಮೆ ಅಡ್ಡ ಮಲಗಿರುವ ಈ ಎಂಜಿನ್ ಹೋಂಡಾ ಕಬ್‌ನ ವಂಶದ್ದು. ನಮ್ಮ ಹಳೇ ಸ್ಪ್ಲೆಂಡರ್‌ನ 97.2 ಸಿಸಿ ಎಂಜಿನ್ ಕೂಡ ಅದೇ ಮನೆತನದ್ದಾದ್ದರಿಂದ ಸ್ಪ್ಲೆಂಡರ್ ಬಿಚ್ಚಿ ಕಟ್ಟಿದ ಯಾವ ಮೆಕ್ಯಾನಿಕ್‌ಗೂ ಇದು ಹೊಸದೆನಿಸುವುದಿಲ್ಲ. ಸ್ಕೂಟರಿನ ಹಾಗೆ ಬೆಲ್ಟ್ ಇರುವ ಮಾದರಿ ನಿಮ್ಮದಾದರೆ ಒಂದು ಕೆಲಸ ಹೆಚ್ಚು: ಬೆಲ್ಟ್ ಕವರಿನೊಳಗೂ ನೀರು ನಿಂತಿರುತ್ತದೆ, ಬಿಚ್ಚಿ ಒರೆಸಬೇಕು. ಒದ್ದೆ ಬೆಲ್ಟ್ ಜಾರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಬಿಚ್ಚುವ ಮೊದಲು ಕೇಳಿ

ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮುನ್ನ ಗಾಡಿ ತಂದವರನ್ನು ವಿಚಾರಿಸಿ. ನೀರು ಎಲ್ಲಿಯವರೆಗೆ ಬಂದಿತ್ತು? ಚಕ್ರದ ಅರ್ಧಕ್ಕೋ, ಸೀಟಿನವರೆಗೋ? ಗಾಡಿ ನಿಂತದ್ದು ಹೇಗೆ: ಮಿಸ್ ಹೊಡೆಯುತ್ತಾ ನಿಧಾನಕ್ಕೆ ಸತ್ತಿತೋ, ಓಡುತ್ತಿದ್ದಾಗಲೇ ಟಕ್ ಎಂದು ನಿಂತುಬಿಟ್ಟಿತೋ? ಆಮೇಲೆ ಸೆಲ್ಫ್ ಒತ್ತಿದಿರೋ?

ಮಿಸ್ ಹೊಡೆಯುತ್ತಾ ಸತ್ತಿದ್ದರೆ ಸಾಮಾನ್ಯವಾಗಿ ಕರೆಂಟಿನ ಅಥವಾ ಪೆಟ್ರೋಲಿನ ತೊಂದರೆ. ನೀರು ಗಾಳಿ ಫಿಲ್ಟರಿನ ಮಟ್ಟಕ್ಕೆ ಬರದಿದ್ದರೂ ಹೀಗಾಗುವುದುಂಟು. ಕಾರ್ಬೊರೇಟರ್‌ನಿಂದ ಕೆಳಗೆ ಇಳಿಬಿದ್ದಿರುವ ಗಾಳಿಯ ಪೈಪಿನ ತುದಿ ನೀರಲ್ಲಿ ಮುಳುಗಿದರೆ ಅದರೊಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿಗೆ ಗಾಳಿ ಸಿಗುವುದಿಲ್ಲ, ಪೆಟ್ರೋಲ್ ಇಳಿಯುವುದಿಲ್ಲ. ಎಂಜಿನ್ನಿನೊಳಗೆ ಒಂದು ಹನಿ ನೀರು ಹೋಗದೆಯೇ ಗಾಡಿ ಹಳ್ಳದ ಮಧ್ಯೆ ನಿಲ್ಲುತ್ತದೆ. ಟಕ್ ಎಂದು ನಿಂತಿತು ಎಂದರೆ ಮಾತ್ರ ಎಚ್ಚರ. ಅದು ಸಿಲಿಂಡರಿಗೆ ನೀರು ಎಳೆದುಕೊಂಡ ಲಕ್ಷಣ.

ಇನ್ನೊಂದು ಪ್ರಶ್ನೆಯನ್ನೂ ಮರೆಯಬೇಡಿ: ನಿಜವಾಗಿ ಹಳ್ಳಕ್ಕೆ ಇಳಿಸಿದ್ದೋ, ಅಥವಾ ಪ್ರೆಷರ್ ವಾಷರ್ ಹಿಡಿದು ತೊಳೆದದ್ದೋ? ತೊಳೆದು ಕೆಟ್ಟ ಗಾಡಿಯಾದರೆ ಎಂಜಿನ್ ತಂಟೆಗೇ ಹೋಗಬೇಡಿ, ನೇರ ವೈರಿಂಗ್‌ಗೆ ಬನ್ನಿ.

ಸಿಲಿಂಡರ್‌ನಲ್ಲಿ ನೀರಿದೆಯೇ?

ಮೊದಲು ಕೀ ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರ್ ತೆಗೆಯಿರಿ. ತಳ್ಳಿ ಸ್ಟಾರ್ಟ್ ಮಾಡುವ ಯೋಚನೆ ಬೇಡ. ಕ್ಲಚ್ ಆಟೋಮ್ಯಾಟಿಕ್ ಇರುವುದರಿಂದ ಬಹುತೇಕ ಗಾಡಿಗಳಲ್ಲಿ ಅದು ಆಗುವುದೂ ಇಲ್ಲ, ಆಗುವ ಗಾಡಿಯಲ್ಲಿ ಮಾಡಲೂ ಬಾರದು.

ಕಾರಣ ಲೆಕ್ಕದಲ್ಲೇ ಇದೆ. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ 9ರ ಆಸುಪಾಸು. ಆ 9 ಪಾಲಿನಲ್ಲಿ ಪಿಸ್ಟನ್ ಓಡಾಡುವುದು 8 ಪಾಲು, ಮೇಲೆ ಉಳಿಯುವುದು ಒಂದು ಪಾಲು; ಹಾಗಾಗಿ 107 ಸಿಸಿಯನ್ನು 8ರಿಂದ ಭಾಗಿಸಿ: ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಗೂ ಸಿಲಿಂಡರಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಉಳಿಯುವ ಜಾಗ ಸುಮಾರು 13 ಮಿ.ಲೀ. ಕೆಮ್ಮಿನ ಔಷಧದ ಮುಚ್ಚಳದಷ್ಟು ನೀರು ಸಾಕು, ಆ ಜಾಗ ತುಂಬಿಹೋಗುತ್ತದೆ. ಗಾಳಿಯನ್ನಾದರೆ ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಅದಕ್ಕಿಂತ ಹೆಚ್ಚು ನೀರಿದ್ದು, ಎರಡೂ ವಾಲ್ವ್ ಮುಚ್ಚಿರುವಾಗ ಪಿಸ್ಟನ್ ಮೇಲೇರಿದರೆ ಬಗ್ಗುವುದು ಕನೆಕ್ಟಿಂಗ್ ರಾಡ್.

ಪ್ಲಗ್ ಬಿಚ್ಚಿ. ಇದಕ್ಕೆ 16 ಮಿ.ಮೀ. ಪ್ಲಗ್ ಸ್ಪ್ಯಾನರ್ ಬೇಕು; ಸ್ಪ್ಲೆಂಡರ್ ಕಿಟ್‌ನಲ್ಲಿ ಬರುವುದೇ ಆಗುತ್ತದೆ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಮರಳು ನೇರ ಬೋರಿಗೆ, ಅಂದರೆ ಸಿಲಿಂಡರಿನೊಳಗೆ, ಬೀಳುತ್ತದೆ. ಹೊರಬಂದ ಪ್ಲಗ್ಗಿನ ತುದಿ ಒದ್ದೆಯಿದ್ದರೆ ಬೆರಳಿಗೆ ಒರೆಸಿ ಮೂಸಿ ನೋಡಿ. ಪೆಟ್ರೋಲ್ ಆದರೆ ವಾಸನೆ ಬರುತ್ತದೆ, ಬೆರಳು ತಣ್ಣಗಾಗಿ ಬೇಗ ಒಣಗುತ್ತದೆ. ನೀರಾದರೆ ಮಣಿಮಣಿಯಾಗಿ ಹಾಗೇ ಕೂತಿರುತ್ತದೆ.

ಈಗ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಎಡಗಡೆಯ ಮ್ಯಾಗ್ನೆಟ್ ಕವರಿನ ಮುಚ್ಚಳ ತೆಗೆದು ನಟ್ಟಿಗೆ ಸಾಕೆಟ್ ಹಾಕಿ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಪ್ಲಗ್ ತೂತಿನ ಮುಂದೆ ಬಟ್ಟೆ ಹಿಡಿದಿರಿ, ಮುಖ ಮಾತ್ರ ಅಲ್ಲಿ ಬೇಡ. ನೀರಿದ್ದರೆ ಪಿಚಕಾರಿ ಹೊಡೆದಂತೆ ಹಾರುತ್ತದೆ. ತಿರುಗಿಸುವಾಗ ಕೈಗೆ ಏನು ಗೊತ್ತಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಪ್ಲಗ್ ಇಲ್ಲದ ಎಂಜಿನ್ ಸಲೀಸಾಗಿ ತಿರುಗಬೇಕು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಿಗಿಯಾದರೆ, ಕರಕರ ಎಂದರೆ ಅಲ್ಲಿಗೇ ನಿಲ್ಲಿಸಿ. ಹೆಡ್ ಬಿಚ್ಚಿ ನೋಡದೆ ಮುಂದಕ್ಕೆ ಹೋಗಬಾರದು.

ಸಲೀಸಾಗಿ ತಿರುಗಿದರೆ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡಿಸುವ ಪುಟ್ಟ ಡಬ್ಬಿ) ಸಾಕೆಟ್ ಎಳೆದಿಟ್ಟು, ಬ್ಯಾಟರಿ ಕೂಡಿಸಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಅನ್ನು ಚಿಕ್ಕಚಿಕ್ಕದಾಗಿ ಒತ್ತಿ ಉಳಿದ ನೀರನ್ನು ಹೊರಹಾಕಿ. ಸಿಡಿಐ ಎಳೆಯುವುದು ಏಕೆಂದರೆ, ತೂತಿನಿಂದ ನೀರಿನ ಜೊತೆ ಪೆಟ್ರೋಲ್ ಆವಿಯೂ ಬರುತ್ತದೆ. ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ. ನೀರು ಬರುವುದು ನಿಂತ ಮೇಲೆ ಒಂದು ಟೀ ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ಕೈಯಿಂದ ತಿರುಗಿಸಿ. ಇವತ್ತು ಬೇರೇನೂ ಮಾಡಲು ಹೊತ್ತಿಲ್ಲದಿದ್ದರೂ ಇದೊಂದನ್ನು ಮಾಡಿಯೇ ಮಲಗಿ. ಬೋರ್ ಎರಕದ ಕಬ್ಬಿಣ. ಒದ್ದೆಯಾಗಿ ಬಿಟ್ಟರೆ ರಾತ್ರಿ ಕಳೆಯುವುದರಲ್ಲಿ ತುಕ್ಕು ಹಿಡಿಯಲು ಶುರುವಾಗುತ್ತದೆ.

ಕೆಸರು ನೀರಾದರೆ ಈ ಸಲೀಸಿನ ದಾರಿ ಇಲ್ಲ. ಇನ್‌ಟೇಕ್ ಪೈಪಿನ ಒಳಗೆ ಬೆರಳಾಡಿಸಿದಾಗ ಮಣ್ಣು ಅಂಟಿದರೆ ಸೆಲ್ಫ್ ಮುಟ್ಟದೆ ಹೆಡ್ ಇಳಿಸಿ. ಮರಳಿನ ಜೊತೆ ನಾಲ್ಕು ಸುತ್ತು ತಿರುಗಿದರೆ ರಿಂಗೂ ಬೋರೂ ಎರಡೂ ಹೋಗುತ್ತವೆ.

ಆಯಿಲ್ ಏನು ಹೇಳುತ್ತದೆ

ಆಯಿಲ್ ಕಡ್ಡಿ ತೆಗೆದು ನೋಡಿ. ಹಾಲು ಜಾಸ್ತಿಯಾದ ಕಾಫಿಯ ಬಣ್ಣ ಬಂದಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ, ಆಯಿಲ್‌ಗೆ ನೀರು ಸೇರಿದೆ. ಬಣ್ಣ ಸರಿಯಿದ್ದು ಮಟ್ಟ ಮಾತ್ರ ಮೊದಲಿಗಿಂತ ಮೇಲೆ ಬಂದಿದ್ದರೂ ಅನುಮಾನಪಡಿ. ನೀರು ಹೊಕ್ಕ ಮೇಲೆ ಎಂಜಿನ್ ತಿರುಗಿಲ್ಲದಿದ್ದರೆ ಅದು ಕಲೆತಿರುವುದಿಲ್ಲ. ಆಯಿಲ್‌ಗಿಂತ ಭಾರವಾದ್ದರಿಂದ ತಳಕ್ಕೆ ಇಳಿದು ಕೂತಿರುತ್ತದೆ. ಗಾಡಿಯನ್ನು ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ 17 ಮಿ.ಮೀ. ಡ್ರೈನ್ ಬೋಲ್ಟನ್ನು ಅರ್ಧ ಸಡಿಲಿಸಿ. ಮೊದಲು ತಿಳಿ ನೀರು ಬಂದು ಆಮೇಲೆ ಆಯಿಲ್ ಬಂದರೆ ಉತ್ತರ ಸಿಕ್ಕಿತು.

ಸಿಲಿಂಡರ್‌ಗೆ ನೀರೇ ಹೋಗಿಲ್ಲ, ಆಯಿಲ್‌ಗೆ ಹೇಗೆ ಬಂತು ಎಂದು ತಲೆಕೆಡಿಸಿಕೊಳ್ಳುವವರಿದ್ದಾರೆ. ಎಂಜಿನ್ನಿನ ಒಳಗಿನ ಗಾಳಿ ಹೋಗಿಬರುವ ಬ್ರೀದರ್ ಪೈಪ್ ನೋಡಿ. ಅರ್ಧ ಗಂಟೆ ಓಡಿ ಕಾದ ಎಂಜಿನ್ ತಣ್ಣನೆಯ ಹಳ್ಳದಲ್ಲಿ ನಿಂತರೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಅದು ಬ್ರೀದರ್ ಪೈಪಿನಿಂದ ಎಳೆದುಕೊಳ್ಳುತ್ತದೆ. ಪೈಪಿನ ತುದಿ ನೀರಲ್ಲಿದ್ದರೆ ನೀರನ್ನೇ. ಮುಂದೆಯೂ ಹಳ್ಳ ದಾಟಿಸುವ ಗಾಡಿಯಾದರೆ ಆ ಪೈಪನ್ನು ಉದ್ದ ಮಾಡಿ ಸೀಟಿನ ಕೆಳಗೆ ಎತ್ತರದಲ್ಲಿ ಕಟ್ಟಿಬಿಡಿ. ಆಯಿಲ್ ಕಡ್ಡಿಯ ಓ-ರಿಂಗ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ.

ನೀರು ಸೇರಿದ ಆಯಿಲನ್ನು ಒಮ್ಮೆ ಬದಲಿಸಿದರೆ ಮುಗಿಯಲಿಲ್ಲ. ಕ್ಲಚ್ ಪ್ಲೇಟು, ಗೇರು, ಟೈಮಿಂಗ್ ಚೈನ್ ಎಲ್ಲ ಈ ಒಂದೇ ಆಯಿಲ್‌ನಲ್ಲಿ ನೆನೆಯುವುದರಿಂದ ಮೂಲೆಮೂಲೆಯಲ್ಲೂ ಬಿಳಿ ಕೆನೆ ಉಳಿದಿರುತ್ತದೆ. ಪೂರ್ತಿ ಇಳಿಸಿ, ಅಗ್ಗದ 20ಡಬ್ಲ್ಯು-40 ಹಾಕಿ, ಎರಡು-ಮೂರು ನಿಮಿಷ ಐಡಲ್‌ನಲ್ಲಿ ಓಡಿಸಿ, ಬಿಸಿಯಿರುವಾಗಲೇ ಮತ್ತೆ ಇಳಿಸಿ. ಇಳಿದದ್ದು ಇನ್ನೂ ಬೆಳ್ಳಗಿದ್ದರೆ ಇನ್ನೊಮ್ಮೆ. ಕೆಲವು ಕಡೆ ಡೀಸೆಲ್ ತುಂಬಿ ಓಡಿಸಿ ತೊಳೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ: ತೆಳು ಡೀಸೆಲ್‌ನಲ್ಲಿ ಕ್ಯಾಮ್ ಮತ್ತು ಬೇರಿಂಗ್ ಉಜ್ಜುತ್ತವೆ, ಉಳಿದ ಡೀಸೆಲ್ ಹೊಸ ಆಯಿಲನ್ನೂ ಕೆಡಿಸುತ್ತದೆ. ಕೊನೆಗೆ ಹಾಕುವ ಒಳ್ಳೆಯ ಆಯಿಲ್ ಬೈಕಿನದೇ ಇರಲಿ, ಡಬ್ಬದ ಮೇಲೆ ಜಾಸೋ ಎಂಎ (ಆಯಿಲಿನಲ್ಲಿ ನೆನೆಯುವ ಕ್ಲಚ್ಚಿಗೆ ಹೊಂದುವ ದರ್ಜೆ) ಎಂದಿರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಈ ಎಂಜಿನ್ನಿಗೆ ಒಂದು ಲೀಟರಿನ ಬಾಟಲಿ ಪೂರ್ತಿ ಹಿಡಿಸುವುದಿಲ್ಲ. ಕಡ್ಡಿಯನ್ನು ತಿರುಗಿಸಿ ಕೂರಿಸದೆ, ಸುಮ್ಮನೆ ಒಳಗಿಟ್ಟು ತೆಗೆದು ಮಟ್ಟ ನೋಡಿ.

ಒಂದು ಮಾತು. ಚಳಿಗಾಲದಲ್ಲಿ ಐದು ನಿಮಿಷ ಓಡಿಸಿ ನಿಲ್ಲಿಸುವ ಗಾಡಿಗಳ ಆಯಿಲ್ ಮುಚ್ಚಳದ ಕೆಳಗೆ ಸ್ವಲ್ಪ ಬಿಳಿ ಕೆನೆ ಕಾಣುತ್ತದೆ. ಕಡ್ಡಿಯ ತುದಿಯಲ್ಲಿ ಆಯಿಲ್ ಶುದ್ಧವಿದ್ದರೆ ಅದು ಬರೀ ಇಬ್ಬನಿಯ ಕೆಲಸ.

ಕರೆಂಟ್ ಬರುತ್ತಿಲ್ಲ

ಹೆಚ್ಚು ಹೊತ್ತು ತಿನ್ನುವುದು, ಬೇಡದ ಖರ್ಚು ಮಾಡಿಸುವುದು ಎರಡೂ ಇದೇ. ಒಣಗಿದ, ಸಾಧ್ಯವಾದರೆ ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್‌ಗೆ ತಾಗಿಸಿಡಿ. ಪ್ಲಗ್ ತೂತಿನಿಂದ ದೂರ ಇರಲಿ, ತೂತಿಗೆ ಬಟ್ಟೆ ತುರುಕಿರಿ. ಸಿಡಿಐ ಮತ್ತೆ ಕೂಡಿಸಿ ಸೆಲ್ಫ್ ಒತ್ತಿ. ನೀಲಿ ಕಿಡಿ ಚಟಚಟ ಎಂದರೆ ಈ ಭಾಗ ಬಿಟ್ಟು ಮುಂದಕ್ಕೆ ಹೋಗಿ. ಕೆಂಪಗೆ ಬಡಕಲಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಮೊದಲು ಬ್ಯಾಟರಿ ಅಳೆಯಿರಿ. ನಿಂತಾಗ 12.6 ವೋಲ್ಟ್ ಇರಬೇಕು. ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗಿಳಿದರೆ ಚಾರ್ಜ್ ಮಾಡಿಯೇ ಮುಂದಿನ ಮಾತು. ಹಳ್ಳದ ದಡದಲ್ಲಿ ಅಷ್ಟು ಹೊತ್ತು ಸೆಲ್ಫ್ ಹೊಡೆದ ಬ್ಯಾಟರಿ ಅದು.

ಆಮೇಲೆ ಪ್ಲಗ್ ಕ್ಯಾಪನ್ನು ವೈರಿನಿಂದ ತಿರುಗಿಸಿ ಬಿಚ್ಚಿ. ಒಳಗೆ ನೀರಿನ ಹನಿ ಇರುತ್ತದೆ, ಒರೆಸಿ ಒಣಗಿಸಿ. ವೈರಿನ ತುದಿ ಹಸಿರುಗಟ್ಟಿದ್ದರೆ ಅರ್ಧ ಸೆಂ.ಮೀ. ಕತ್ತರಿಸಿ ಮತ್ತೆ ಕೂರಿಸಿ. ಹ್ಯಾಂಡಲಿನ ಹತ್ತಿರ, ಮುಂದಿನ ಪ್ಲಾಸ್ಟಿಕ್ಕಿನೊಳಗೆ, ಬಿಳಿ ಸಾಕೆಟ್‌ಗಳ ಒಂದು ಗೊಂಚಲೇ ಇದೆ. ಒಂದೊಂದಾಗಿ ಬಿಚ್ಚಿ, ಪಂಕ್ಚರ್ ಅಂಗಡಿಯ ಗಾಳಿ ಹೊಡೆದು, ಬಿಸಿಲಿಗೆ ಬಿಡಿ.

ಈ ಗಾಡಿಗಳಿಗೆ ಮಕ್ಕಳ ಸುರಕ್ಷತೆಗೆಂದು ಎಂಜಿನ್ ನಿಲ್ಲಿಸುವ ಸಾಧನಗಳು ಬೈಕಿಗಿಂತ ಜಾಸ್ತಿ: ಹ್ಯಾಂಡಲ್ ಮೇಲಿನ ಕೆಂಪು ಸ್ವಿಚ್, ಹಿಂದೆ ದೊಡ್ಡವರು ಹಿಡಿದುಕೊಳ್ಳುವ ಹಗ್ಗದ ಸ್ವಿಚ್, ಕೆಲವಕ್ಕೆ ರಿಮೋಟ್. ಇವುಗಳಲ್ಲಿ ಯಾವುದಾದರೊಂದು ಒದ್ದೆಯಾಗಿ ಅರ್ತ್ ಆದರೂ ಕರೆಂಟ್ ಸಾಯುತ್ತದೆ. ಬ್ರೇಕ್ ಹಿಡಿದರೆ ಮಾತ್ರ ಸೆಲ್ಫ್ ಕೆಲಸ ಮಾಡುವ ಸ್ವಿಚ್ ಬೇರೆ ಇದೆ. ಅದು ಒದ್ದೆಯಾದರೆ ಸೆಲ್ಫೇ ತಿರುಗದು.

ಹೋಮ್‌ಸ್ಟೇಯಲ್ಲಿ ಗಾಡಿ ನೋಡಿಕೊಳ್ಳುವ ಹುಡುಗನೊಬ್ಬ ಒಮ್ಮೆ ಫೋನ್ ಮಾಡಿದ್ದ.

"ಅಣ್ಣಾ, ಪ್ಲಗ್ ಹೊಸದು, ಕಾಯಿಲ್ ಹೊಸದು, ಸಿಡಿಐನೂ ಹೊಸದು. ಆದ್ರೂ ಕರೆಂಟ್ ಬರ್ತಾ ಇಲ್ಲ."

"ಹಿಂದಿನ ಮಡ್‌ಗಾರ್ಡ್ ಒಳಗೆ ರಿಮೋಟಿನ ಡಬ್ಬಿ ಇದೆಯಲ್ಲ, ಅದನ್ನ ನೋಡಿದ್ಯಾ?"

"ಅದು ಎಂಜಿನ್‌ಗೆ ಯಾಕೆ ಬೇಕು? ರಿಮೋಟ್ ಕಳೆದು ಎಷ್ಟೋ ಕಾಲ ಆಯ್ತು."

"ರಿಮೋಟ್ ಕಳೆದ್ರೂ ಡಬ್ಬಿ ಅಲ್ಲೇ ಇದೆಯಲ್ಲ ಮಾರಾಯ. ಸಾಕೆಟ್ ಎಳೆದು ಒಂದ್ಸಲ ಸೆಲ್ಫ್ ಹೊಡಿ."

ಎಳೆದ ತಕ್ಷಣ ಕಿಡಿ ಬಂತು. ಡಬ್ಬಿ ಬಿಚ್ಚಿದರೆ ಒಳಗಿನ ಹಸಿರು ಬೋರ್ಡಿನ ಒಂದು ಮೂಲೆಯಲ್ಲಿ ಎರಡು ಕಾಲುಗಳ ನಡುವೆ ನೀರಿನ ಒಂದು ಹನಿ, ಅದರ ಸುತ್ತ ಬಿಳಿ ಪುಡಿ. ಅಷ್ಟಕ್ಕೆ ಮೂರು ಹೊಸ ಭಾಗಗಳ ದುಡ್ಡು ಹೋಗಿತ್ತು.

ಹಾಗಾಗಿ ಭಾಗ ಕೊಳ್ಳುವ ಮೊದಲು ಸಿಡಿಐಗೆ ಬರುವ ಕಿಲ್ ವೈರನ್ನು (ಎಂಜಿನ್ ನಿಲ್ಲಿಸುವ ಸ್ವಿಚ್ಚುಗಳಿಂದ ಬರುವ ವೈರ್) ಬೇರ್ಪಡಿಸಿ ನೋಡಿ. ಸಾಮಾನ್ಯವಾಗಿ ಅದು ಕಪ್ಪು ವೈರಿನ ಮೇಲೆ ಬಿಳಿ ಗೀರು ಇರುವುದು. ತೆಗೆದ ಮೇಲೆ ಕಿಡಿ ಬಂದರೆ ಸಿಡಿಐ, ಕಾಯಿಲ್ ಎರಡೂ ಸರಿಯಿವೆ, ತಪ್ಪು ಯಾವುದೋ ಸ್ವಿಚ್ಚಿನದು. ಇದು ಪರೀಕ್ಷೆಗೆ ಮಾತ್ರ. ಆ ವೈರ್ ತೆಗೆದಿರುವಾಗ ಎಂಜಿನ್ ಸ್ಟಾರ್ಟ್ ಆದರೆ ಕೀಯಿಂದಲೂ ಆಫ್ ಆಗದೇ ಇರಬಹುದು. "ಓಡ್ತಾ ಇದೆಯಲ್ಲ, ಹಾಗೇ ಇರ್ಲಿ ಬಿಡಿ" ಎಂದು ಅದೇ ಸ್ಥಿತಿಯಲ್ಲಿ ಮಗುವಿನ ಕೈಗೆ ಗಾಡಿ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಿಲ್ ವೈರ್ ತೆಗೆದರೂ ಕಿಡಿ ಇಲ್ಲವೆಂದರೆ ಎಡ ಕವರಿನೊಳಗಿನ ಪಲ್ಸರ್ ಕಾಯಿಲ್ (ಕಿಡಿ ಯಾವಾಗ ಹಾರಬೇಕೆಂದು ಸಿಡಿಐಗೆ ತಿಳಿಸುವುದು) ಕಡೆ ನೋಡಿ. ಕವರಿನೊಳಗೆ ನೀರು ನಿಂತಿದ್ದರೆ ಇಳಿಸಿ ಒಣಗಿಸಿ. ಮಲ್ಟಿಮೀಟರಿನಲ್ಲಿ ಕಾಯಿಲ್ ಓಪನ್ ತೋರಿಸಿದರೆ ಮಾತ್ರ ಹೊಸದು ತನ್ನಿ.

ಕಿಡಿ ಇದೆ, ಆದರೂ ಸ್ಟಾರ್ಟ್ ಇಲ್ಲ

ಕಾರ್ಬೊರೇಟರಿನ ಬಟ್ಟಲ ತಳದಲ್ಲಿ ಸಣ್ಣ ಸ್ಕ್ರೂ ಇದೆ. ಗಾಜಿನ ಲೋಟ ಹಿಡಿದು ಅದನ್ನು ಬಿಚ್ಚಿ. ಹತ್ತು ನಿಮಿಷ ಬಿಟ್ಟು ಲೋಟವನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಬೇರೆ ಪದರ ಕಾಣುತ್ತದೆಯೇ? ಕಂಡರೆ ಟ್ಯಾಂಕಿನದೂ ಪರೀಕ್ಷಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದರಿಂದ ಒಂದು ವಿಚಿತ್ರ ಆಗುತ್ತದೆ. ನೀರು ಸ್ವಲ್ಪವಾದರೆ ಎಥೆನಾಲ್ ಅದನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಕಣ್ಣಿಗೆ ಏನೂ ಕಾಣದು. ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಕಾಕ್ ಎಳೆಯುವುದು ಟ್ಯಾಂಕಿನ ತಳದಿಂದಲೇ. ಹಾಗಾಗಿ ಟ್ಯಾಂಕಿಗೆ ನೀರು ಹೋಗಿದ್ದರೆ ಮೇಲೆ ಹೊಸ ಪೆಟ್ರೋಲ್ ಸುರಿದು ಸರಿಮಾಡುತ್ತೇನೆ ಎನ್ನಬೇಡಿ, ಪೂರ್ತಿ ಇಳಿಸಿ.

ಬಟ್ಟಲು ಬಿಚ್ಚಿದ ಮೇಲೆ ಎರಡೂ ಜೆಟ್ ತೆಗೆದು ಗಾಳಿ ಹೊಡೆಯಿರಿ. ಸೂಜಿ, ತಂತಿ ತುರುಕಬೇಡಿ. ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ತೆಗೆದರೆ ಸಾಯುತ್ತದೆ ಎಂದರೆ ಸಣ್ಣ ಜೆಟ್ ಇನ್ನೂ ಕಟ್ಟಿಕೊಂಡಿದೆ. ಐಡಲ್‌ನಲ್ಲಿ ಚೆನ್ನಾಗಿದ್ದು ರೇಸ್ ಕೊಟ್ಟ ಕೂಡಲೇ ಮುಗ್ಗರಿಸಿದರೆ ಫಿಲ್ಟರ್ ನೋಡಿ. ಸ್ಪಂಜಿನ ಫಿಲ್ಟರಾದರೆ ಸೋಪು ನೀರಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ, ತುಸು ಆಯಿಲ್ ಸವರಿ ಹಾಕಿ. ಪೇಪರ್ ಫಿಲ್ಟರ್ ಒಮ್ಮೆ ನೆನೆದರೆ ಬಿಸಾಡಿ.

ಸೈಲೆನ್ಸರ್ ತುಂಬಾ ನೀರಿದ್ದರೂ ಸ್ಟಾರ್ಟ್ ಆಗುವುದಿಲ್ಲ. ಪೆಟ್ರೋಲ್ ಕಾಕ್ ಮುಚ್ಚಿ, ಮುಂದಿನ ಚಕ್ರಗಳನ್ನು ಇಬ್ಬರು ಹಿಡಿದೆತ್ತಿದರೆ ಹಿಂದಿನಿಂದ ಇಳಿಯುತ್ತದೆ. ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷ ಬಿಳಿ ಹೊಗೆ ಬರುವುದು ಆವಿ. ಬಿಸಿಯಾದ ಮೇಲೂ ನಿಲ್ಲದೆ, ನೀಲಿ ಛಾಯೆ ತಿರುಗಿದರೆ ಅದು ಆಯಿಲ್ ಉರಿಯುತ್ತಿರುವುದು; ರಿಂಗ್ ತುಕ್ಕು ಹಿಡಿದು ಕೂತಿರಬಹುದು.

ರಾಡ್ ಬಗ್ಗಿದೆಯೇ ಎಂಬ ಅನುಮಾನ

ಸ್ವಲ್ಪ ಬಗ್ಗಿದ ರಾಡ್‌ನೊಂದಿಗೂ ಈ ಎಂಜಿನ್ ಸ್ಟಾರ್ಟ್ ಆಗುತ್ತದೆ, ಐಡಲ್‌ನಲ್ಲಿ ಸುಮ್ಮನೆ ನಿಂತಿರುತ್ತದೆ. ಮೋಸ ಹೋಗುವುದು ಇಲ್ಲೇ. ರಾಡ್ ಗಿಡ್ಡವಾದ್ದರಿಂದ ಪಿಸ್ಟನ್ ಪೂರ್ತಿ ಮೇಲೆ ಬರುವುದಿಲ್ಲ, ಕಂಪ್ರೆಷನ್ ಇಳಿದಿರುತ್ತದೆ. ಪಿಸ್ಟನ್ ಓರೆಯಾಗಿ ಉಜ್ಜುವುದರಿಂದ ರೇಸ್ ಮಾಡಿದಾಗ ಲೋಹದ ಬಡಿತ ಕೇಳುತ್ತದೆ, ಮೊದಲಿಲ್ಲದ ನಡುಕ ಬರುತ್ತದೆ. ಕಂಪ್ರೆಷನ್ ಗೇಜ್ ಇದ್ದರೆ ಅದೇ ಮಾದರಿಯ ಇನ್ನೊಂದು ಗಾಡಿಯ ಜೊತೆ ಹೋಲಿಸಿ ನೋಡುವುದು ಸುಲಭ. ಕಡಿಮೆ ಬಂದರೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ರಿಂಗಿನ ದೋಷ, ಹಾಗೇ ಉಳಿದರೆ ವಾಲ್ವ್ ಅಥವಾ ರಾಡ್. ವಾಲ್ವಿನ ಟ್ಯಾಪೆಟ್ ಗ್ಯಾಪ್ ತಣ್ಣಗಿರುವಾಗ 0.05 ಮಿ.ಮೀ. ಇದೆಯೇ ಎಂದು ನೋಡಿಕೊಂಡು, ಅದೂ ಸರಿಯಿದ್ದರೆ ಬೋರ್ ಇಳಿಸಿ. ಓಡುತ್ತಿದ್ದಾಗಲೇ ಟಕ್ ಎಂದು ನಿಂತ ಗಾಡಿಯಾದರೆ, ಸದ್ದು ಬಾರದಿದ್ದರೂ ಬೋರ್ ಇಳಿಸಿ ನೋಡುವುದೇ ನನ್ನ ಸಲಹೆ. ಬಗ್ಗಿದ ರಾಡ್ ಮುಂದೊಂದು ದಿನ ತುಂಡಾದರೆ ಕ್ರ್ಯಾಂಕ್ ಕೇಸನ್ನೂ ಒಡೆದು ಹೊರಬರುತ್ತದೆ.

ಮಗುವನ್ನು ಕೂರಿಸುವ ಮೊದಲು

ಎಂಜಿನ್ ಓಡಿದ್ದಕ್ಕೆ ಕೆಲಸ ಮುಗಿಯಿತು ಎನ್ನಬೇಡಿ. ಹೆಬ್ಬೆರಳಿನ ಆಕ್ಸಿಲರೇಟರಿನ ಪುಟ್ಟ ಡಬ್ಬಿಯೊಳಗೆ ಮಣ್ಣು ಸೇರಿರುತ್ತದೆ. ಬಿಚ್ಚಿ ತೊಳೆಯಿರಿ, ಕೇಬಲ್ ಒಣಗಿಸಿ ಆಯಿಲ್ ಬಿಡಿ. ಬಿಟ್ಟ ಕೂಡಲೇ ಅದು ಚಟ್ಟನೆ ಹಿಂದಕ್ಕೆ ಬರಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಎಂಜಿನ್ ತಾನಾಗಿ ರೇಸ್ ಆಗಬಾರದು. ಬಿಚ್ಚಿ ಹಾಕುವಾಗ ವೇಗ ತಡೆಯುವ ಸ್ಕ್ರೂ ಮೊದಲಿದ್ದಷ್ಟೇ ಒಳಗಿದೆಯೇ ನೋಡಿ. ಕೆಂಪು ಸ್ವಿಚ್, ಹಗ್ಗ, ರಿಮೋಟ್ ಇದ್ದರೆ ಅದು, ಒಂದೊಂದರಿಂದಲೂ ಎಂಜಿನ್ ಆಫ್ ಮಾಡಿ ಪರೀಕ್ಷಿಸಿ. ಡ್ರಮ್ ಬ್ರೇಕ್ ಒದ್ದೆಯಿದ್ದರೆ ಹಿಡಿಯುವುದಿಲ್ಲ. ದೊಡ್ಡವರೊಬ್ಬರು ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಹಗುರಾಗಿ ಒತ್ತಿ ಒತ್ತಿ ಒಣಗಿಸಲಿ.

ಕರಾವಳಿಯ ಬೀಚಿನಲ್ಲಿ ಸಮುದ್ರದ ನೀರು ಕುಡಿದ ಗಾಡಿಯಾದರೆ ಇಷ್ಟೆಲ್ಲದಕ್ಕೂ ಮೊದಲು ಸಿಹಿನೀರು ಸುರಿದು ಹೊರಮೈ, ಸಾಕೆಟ್, ಚೈನ್ ಎಲ್ಲ ತೊಳೆಯಿರಿ, ಪ್ರೆಷರ್ ಬೇಡ. ಉಪ್ಪು ಉಳಿದರೆ ಸಾಕೆಟ್ ಇವತ್ತು ಒಣಗಿದರೂ ತಿಂಗಳೊಳಗೆ ಹಸಿರುಗಟ್ಟುತ್ತದೆ.

ಒಂದೆರಡು ಗಂಟೆ ಓಡಿದ ಮೇಲೆ ಆಯಿಲ್ ಕಡ್ಡಿ ಮತ್ತೊಮ್ಮೆ ತೆಗೆದು ನೋಡಿ, ಬೆಳ್ಳಗಿದ್ದರೆ ಮತ್ತೆ ಬದಲಿಸಿ. ಅದೇ ಹೊತ್ತಿಗೆ ಚಕ್ರಗಳನ್ನು ಎತ್ತಿ ಕೈಯಿಂದ ತಿರುಗಿಸಿ, ಬೇರಿಂಗ್ ಗರಗರ ಎಂದರೆ ಅದನ್ನೂ ಬದಲಿಸಿ. ಚೈನ್ ಒಣಗಿದ್ದರೆ ಆಯಿಲ್ ಹಾಕಿ.